ಊರಿನ ಟಾಕೀಸ್ ಮುಚ್ಚಿತು, ಅಮ್ಮನಿಗೆ ತುಳು ಸಿನಿಮಾ ಎಲ್ಲಿ ತೋರಿಸುವುದು?

ಕಾಪು ಲೈಟ್‌ಹೌಸ್

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ ಎಪ್ಪತ್ತು ದಾಟಿದೆ. ಮನೆ ಕಾಪು ಹತ್ತಿರ. ನಾನು ಕೆಲಸಕ್ಕೆಂದು ಮಂಗಳೂರಿನಲ್ಲಿದ್ದೇನೆ, ವಾರಕ್ಕೊಮ್ಮೆ ಹೋಗಿ ಬರುತ್ತೇನೆ. ಮನೆಯಲ್ಲಿ ದೊಡ್ಡ ಟಿವಿ ಉಂಟು, ವೈಫೈ ಉಂಟು, ಓಟಿಟಿಯೂ ಉಂಟು. ಆದರೆ ಅಮ್ಮ ಕೇಳುವುದು ಒಂದೇ. "ಹೊಸ ತುಳು ಪಿಕ್ಚರ್ ಬಂದಿದೆಯಂತೆ, ಅದು ಇದರಲ್ಲಿ ಬರುವುದಿಲ್ವಾ?" ಬರುವುದಿಲ್ಲ. ಬಂದರೂ ಯಾವಾಗ, ಎಲ್ಲಿ ಅಂತ ಹೇಳಲಿಕ್ಕಾಗುವುದಿಲ್ಲ.

ಅಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ವಾರದ ಮಜೂರಿ ಕೈಗೆ ಬಂದ ಮೇಲೆ ಅಕ್ಕಪಕ್ಕದ ಹೆಂಗಸರೆಲ್ಲ ಸೇರಿ ಮ್ಯಾಟಿನಿಗೆ ಹೋಗುತ್ತಿದ್ದರು. ಬಸ್ಸಿಳಿದು ನಾಲ್ಕು ಹೆಜ್ಜೆ ನಡೆದರೆ ಟಾಕೀಸ್. ಬಸ್ಸಿನ ದುಡ್ಡು, ಟಿಕೆಟ್ ದುಡ್ಡು, ಇಂಟರ್ವಲ್‌ನಲ್ಲಿ ಕಡ್ಲೆಗೆ ಸ್ವಲ್ಪ. ಅಷ್ಟೇ ಖರ್ಚು. ಯಾರನ್ನೂ ಕೇಳಬೇಕಾಗಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ವಾಪಸ್.

ಈಗ ಅವರು ಒಂದು ಸಿನಿಮಾ ನೋಡಬೇಕಾದರೆ ನಾನು ರಜೆ ಹಾಕಬೇಕು, ಕಾರು ಮಾಡಬೇಕು, ಆ್ಯಪ್‌ನಲ್ಲಿ ಸೀಟು ಹಿಡಿಯಬೇಕು. ಅವರಾಗಿಯೇ ಹೊರಟು ಹೋಗಿ ನೋಡಿ ಬರುವುದು ಅನ್ನುವುದೇ ಇಲ್ಲವಾಗಿದೆ. ನನಗೆ ಬೇಜಾರಾಗುವುದು ಅದಕ್ಕೆ. ಟಾಕೀಸ್ ಹೋದದ್ದಕ್ಕಿಂತಲೂ ಜಾಸ್ತಿ ಅದಕ್ಕೆ.

ನಿಮ್ಮ ಮನೆಯ ಹಿರಿಯರು ಎಲ್ಲಿ, ಹೇಗೆ ನೋಡುತ್ತಾರೆ? ದಾರಿ ಗೊತ್ತಿದ್ದವರು ಹೇಳಿ. ಇಲ್ಲಿಗೆ ಹೇಗೆ ಬಂದೆವು ಅನ್ನುವುದನ್ನೂ ಬಲ್ಲವರು ಬರೆಯಿರಿ.


ರೀಲ್ ಪೆಟ್ಟಿಗೆ

ಲೈಟ್‌ಹೌಸ್ ಅಕ್ಕ, ನಾನು ಪ್ರೊಜೆಕ್ಟರ್ ರೂಮಿನಲ್ಲಿ ಕೆಲಸ ಮಾಡಿದವನು. ಸಣ್ಣ ಊರಿನ ಟಾಕೀಸ್. ನನಗೆ ಕಂಡದ್ದು ಬರೆಯುತ್ತೇನೆ.

ಟಿವಿಯಿಂದ ಟಾಕೀಸ್ ಹೋಯಿತು, ಮೊಬೈಲ್‌ನಿಂದ ಹೋಯಿತು ಅಂತ ಎಲ್ಲರೂ ಹೇಳುತ್ತಾರೆ. ಸಣ್ಣ ಊರಿನ ಮಟ್ಟಿಗೆ ಇನ್ನೊಂದು ಕಾರಣ ಉಂಟು, ಅದರ ಮಾತು ಬರುವುದು ಕಡಿಮೆ. ಆಗ ಸಿನಿಮಾ ಅಂದರೆ 35 ಎಂಎಂ ಪ್ರಿಂಟ್. ಸಾವಿರ ಅಡಿಯ ಒಂದು ರೀಲ್ ಓಡುವುದು ಸುಮಾರು 11 ನಿಮಿಷ. ಎರಡನ್ನು ಜೋಡಿಸಿ ಒಂದು ಸ್ಪೂಲ್ ಮಾಡುತ್ತಿದ್ದೆವು. ಒಂದು ಪ್ರೊಜೆಕ್ಟರ್‌ನಲ್ಲಿ ಅದು ಮುಗಿಯುವ ಹೊತ್ತಿಗೆ ಇನ್ನೊಂದನ್ನು ಚಾಲೂ ಮಾಡಬೇಕು. ಪರದೆಯ ಮೂಲೆಯಲ್ಲಿ ಚುಕ್ಕಿ ಕಾಣುತ್ತಿತ್ತಲ್ವಾ, ಅದು ನಮಗೆ ಸೂಚನೆ. ಇಡೀ ಸಿನಿಮಾ ತಗಡಿನ ಪೆಟ್ಟಿಗೆಗಳಲ್ಲಿ ಬೆಂಗಳೂರಿನ ಗಾಂಧಿನಗರದಿಂದ ಬರಬೇಕು. ಘಾಟಿಯಲ್ಲಿ ಮಳೆಗೆ ರಸ್ತೆ ಕೆಟ್ಟರೆ ಪೆಟ್ಟಿಗೆ ತಡ.

ಪ್ರಿಂಟ್ ತೆಗೆಯುವುದು ಬಹಳ ದುಬಾರಿ. ಹಾಗಾಗಿ ಎಲ್ಲ ಊರಿಗೂ ಒಟ್ಟಿಗೆ ಸಿಗುತ್ತಿರಲಿಲ್ಲ. ಮೊದಲು ಮಂಗಳೂರು, ಉಡುಪಿ. ಅಲ್ಲಿ ಓಡಿದ ಮೇಲೆ ಅದೇ ಪ್ರಿಂಟ್ ಸಣ್ಣ ಊರಿಗೆ. ನಮಗೆ ಬರುವಾಗ ಗೀರು ಬಿದ್ದಿರುತ್ತಿತ್ತು, ಆದರೂ ಜನ ಕಾಯುತ್ತಿದ್ದರು. "ಉಡುಪಿಗೆ ಬಂದಿದೆ, ಇನ್ನು ಇಲ್ಲಿಗೂ ಬರುತ್ತದೆ" ಅನ್ನುವ ಮಾತೇ ನಮಗೆ ಪ್ರಚಾರ. ಆ ತಡವೇ ನಮ್ಮ ಹೊಟ್ಟೆ ಹೊರೆದದ್ದು.

ಆಮೇಲೆ ಡಿಜಿಟಲ್ ಬಂತು. ಸ್ಯಾಟಲೈಟ್‌ನಲ್ಲಿ ಸಿನಿಮಾ ನೇರ ಥಿಯೇಟರ್‌ನ ಸರ್ವರ್‌ಗೆ. ಒಂದೇ ಶುಕ್ರವಾರ ಎಲ್ಲ ಕಡೆ ಬಿಡುಗಡೆ. ಚಿತ್ರ ಸ್ವಚ್ಛ, ಪೆಟ್ಟಿಗೆ ಕಾಯುವ ಕೆಲಸ ಇಲ್ಲ. ಆದರೆ ನಮ್ಮ ಸರದಿಯೂ ಇಲ್ಲ. ಅದೇ ದಿನ ಅದೇ ಸಿನಿಮಾ ಎಸಿ ಹಾಲ್‌ನಲ್ಲಿ ಇರುವಾಗ ಬೈಕ್ ಇದ್ದವರು ಅಲ್ಲಿಗೇ ಹೋದರು. ಬೈಕ್ ಇಲ್ಲದವರು ಉಳಿದರು. ಅಕ್ಕ, ನಿಮ್ಮ ಅಮ್ಮನ ಹಾಗಿನವರು. ಅವರ ಟಿಕೆಟ್‌ನಿಂದ ಮಾತ್ರ ಕರೆಂಟ್ ಬಿಲ್ಲು ಹುಟ್ಟಲಿಲ್ಲ.


ಬಿಜೈ ಕಾಪಿಕಾಡ್

ರೀಲ್ ಪೆಟ್ಟಿಗೆಯವರೇ, ಇದು ನನಗೆ ಹೊಳೆದಿರಲೇ ಇಲ್ಲ.

ಮಂಗಳೂರಿನದ್ದು ಬೇರೆ ಕಥೆ. ಜ್ಯೋತಿ, ಸೆಂಟ್ರಲ್, ಪ್ಲಾಟಿನಂ, ರೂಪವಾಣಿ, ರಾಮಕಾಂತಿ, ಸುಚಿತ್ರಾ, ಪ್ರಭಾತ್, ನ್ಯೂ ಚಿತ್ರಾ. ಪೇಟೆಯಲ್ಲಿ ನಡೆದೇ ಇಷ್ಟು ಟಾಕೀಸ್ ಸುತ್ತಬಹುದಿತ್ತು. ಒಂದರಲ್ಲಿ ಹೌಸ್‌ಫುಲ್ ಬೋರ್ಡ್ ಇದ್ದರೆ ಇನ್ನೊಂದಕ್ಕೆ. ಈಗ ಮನೆಯಿಂದ ಹೊರಡುವಾಗಲೇ ಸೀಟಿನ ನಂಬರ್ ಕೂಡ ಗೊತ್ತಿರುತ್ತದೆ. ಭಾರತ್ ಮಾಲ್, ಸಿಟಿ ಸೆಂಟರ್, ಪಾಂಡೇಶ್ವರದ ಫಿಝಾ. ಸಿನಿಮಾ ಅಂದರೆ ಮಾಲ್ ಅಂತಲೇ ಆಗಿಹೋಗಿದೆ.

ಆದರೆ ಒಂದು ಮಾತು ಒಪ್ಪಬೇಕು. ಹಳೇ ಟಾಕೀಸ್‌ಗಳಲ್ಲಿ ಎಷ್ಟೋ ಕಡೆ ಹೆಂಗಸರಿಗೆ ಶೌಚಾಲಯ ಅನ್ನುವುದು ಹೆಸರಿಗೆ ಮಾತ್ರ ಇತ್ತು. ಬಾಲ್ಕನಿಗೆ ಕಡಿದಾದ ಮೆಟ್ಟಿಲು. ನನ್ನ ಅಜ್ಜಿಯನ್ನು ಮಾಲ್‌ನ ಲಿಫ್ಟ್‌ನಲ್ಲಿ ಕರೆದುಕೊಂಡು ಹೋದಾಗ ಅವರು ತುಂಬಾ ಖುಷಿಪಟ್ಟರು. ವೀಲ್‌ಚೇರ್ ಒಳಗೆ ಹೋಯಿತು. ಟಾಕೀಸ್ ಹೋಯಿತು ಅಂತ ಹೇಳುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.


ಮಲ್ಪೆ ಬಂದರು

ನಮ್ಮ ಕಡೆ ಸಿನಿಮಾಕ್ಕೂ ಒಂದು ಸೀಸನ್ ಇತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್ ಕಡಲಿಗಿಳಿಯುವ ಹಾಗಿಲ್ಲ. ಬಲೆ ಹೆಣೆಯುವುದು, ರಿಪೇರಿ ಕೆಲಸ ಇರುತ್ತದೆ, ಆದರೆ ಮಧ್ಯಾಹ್ನ ಬಿಡುವು. ಹೊರಗೆ ಜಡಿಮಳೆ. ಉಡುಪಿಗೆ ಬಸ್ ಹತ್ತಿ ಕಲ್ಪನಾ, ಇಲ್ಲದಿದ್ದರೆ ಅಲಂಕಾರ್. ಒದ್ದೆ ಕೊಡೆಯನ್ನು ಕಾಲಡಿ ಇಟ್ಟುಕೊಂಡು ಕೂತುಕೊಳ್ಳುತ್ತಿದ್ದೆವು. ಮಳೆ ಜೋರಾದರೆ ಡೈಲಾಗ್ ಕೇಳುತ್ತಿರಲಿಲ್ಲ.

ಈಗ ಆಳಸಮುದ್ರಕ್ಕೆ ಹೋದರೆ ಹತ್ತು ದಿನದ ಹತ್ತಿರ ದಡ ಕಾಣುವುದಿಲ್ಲ. ಹೊರಡುವ ಮುಂಚೆ ಹುಡುಗರು ಬಂದರಿನಲ್ಲಿ ನಿಂತು ಫೋನ್‌ಗೆ ಸಿನಿಮಾ ಇಳಿಸಿಕೊಳ್ಳುತ್ತಾರೆ. ಬಲೆ ಬಿಟ್ಟು ಕಾಯುವ ಹೊತ್ತಿನಲ್ಲಿ ನಾಲ್ಕೈದು ಜನ ಒಂದೇ ಫೋನ್ ಸುತ್ತ ಕೂತು ನೋಡುತ್ತೇವೆ. ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವರೂ ಇರುತ್ತಾರೆ, ಅವರಿಗೆ ಅವರ ಭಾಷೆಯ ಸಿನಿಮಾ ಬೇಕು. ಒಂದು ದಿನ ಅವರದ್ದು, ಒಂದು ದಿನ ನಮ್ಮದು. ಹಾಗೆ ನೋಡಿ ನೋಡಿ ನನಗೆ ಒಡಿಯಾ ಅರ್ಥವಾಗಲಿಕ್ಕೆ ಶುರುವಾಗಿದೆ.

ಮೊಬೈಲ್ ಬಂದು ಎಲ್ಲರೂ ಒಬ್ಬೊಬ್ಬರೇ ಆದರು ಅಂತ ಯಾರಾದರೂ ಇಲ್ಲಿ ಬರೆಯುವ ಮುಂಚೆ ಇದನ್ನು ಹೇಳಬೇಕು ಅನಿಸಿತು.


ಕಾರ್ಕಳ ಆನೆಕೆರೆ

ನಾನು ನಿವೃತ್ತ ಮೇಷ್ಟ್ರು. ಮನೆಯಲ್ಲಿ ನೋಡುವ ಅಭ್ಯಾಸ ಬೆಳೆದ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಧಾರಾವಾಹಿ ಶುರುವಾಯಿತು. ಭಾನುವಾರ ಬೆಳಿಗ್ಗೆ. ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಅಡಿಕೆ ಮರದ ಕಂಬಕ್ಕೆ ಆ್ಯಂಟೆನಾ ಕಟ್ಟಿ, ಒಬ್ಬ ಅದನ್ನು ತಿರುಗಿಸುತ್ತಾ "ಬಂತಾ?" ಅಂತ ಕೂಗಬೇಕು. ಚಾವಡಿ ತುಂಬಾ ಜನ. ಅದು ಮನೆಯೊಳಗೆ ಹಾಕಿದ ಟಾಕೀಸ್. ಭಾನುವಾರ ಸಂಜೆಯ ಸಿನಿಮಾಕ್ಕೂ ಅಷ್ಟೇ ಜನ.

ಅದೇ ಕಾಲದಲ್ಲಿ ಗಲ್ಫಿನಿಂದ ಬಂದವರು ವಿಸಿಆರ್ ತಂದರು. ನಮ್ಮ ಜಿಲ್ಲೆಗೆ ವಿಡಿಯೋ ಕ್ಯಾಸೆಟ್ ಹೊಕ್ಕ ದಾರಿಯಲ್ಲಿ ಗಲ್ಫ್ ಬಹಳ ದೊಡ್ಡದು. ಪೂಜೆ, ಮದುವೆ ಮುಗಿದ ರಾತ್ರಿ ಟಿವಿ, ವಿಸಿಆರ್ ಬಾಡಿಗೆಗೆ ತಂದು ಅಂಗಳದಲ್ಲಿಟ್ಟು ಬೆಳಗಿನವರೆಗೆ ಸಿನಿಮಾ. ಬೊಂಬಾಯಿಗೆ ಹೋಗುವ ಬಸ್ಸುಗಳೂ ವಿಡಿಯೋ ಕೋಚ್ ಆದವು. 1994ರಲ್ಲಿ ಉದಯ ಟಿವಿ ಬಂತು. ಆಮೇಲೆ ಸಿನಿಮಾ ನೋಡಲು ವಾರ ಕಾಯಬೇಕಾಗಿರಲಿಲ್ಲ.

ಇಷ್ಟು ಎಲ್ಲ ಊರಿಗೂ ಹೊಂದುತ್ತದೆ. ನಾನು ಹೇಳಬೇಕಾದದ್ದು ಇನ್ನು ಮುಂದೆ. ತುಳು ಸಿನಿಮಾವನ್ನು ಬದುಕಿಸಿದ್ದು ಟಾಕೀಸ್ ಅಲ್ಲ, ಮನೆಯ ಟಿವಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೋಡಿ, ಮೊದಲ ತುಳು ಸಿನಿಮಾ 'ಎನ್ನ ತಂಗಡಿ' ಬಂದದ್ದು 1971ರಲ್ಲಿ. ಅಲ್ಲಿಂದ ನಲವತ್ತು ವರ್ಷ ಸಿನಿಮಾ ಬಂದವು, ಆದರೆ ಬಿಟ್ಟು ಬಿಟ್ಟು ಬಂದವು. ಮಾರುಕಟ್ಟೆ ಅಂತ ನಿಲ್ಲಲಿಲ್ಲ. ಅದೇ ಹೊತ್ತಿನಲ್ಲಿ ತುಳು ನಾಟಕಗಳು ಊರೂರಿನಲ್ಲಿ ತುಂಬಿ ಓಡುತ್ತಿದ್ದವು. ಆ ನಾಟಕಗಳ ವಿಸಿಡಿ ಬಂತು. ಜಾತ್ರೆಯ ಅಂಗಡಿಯಲ್ಲಿ ಅದು ಸಿಗುತ್ತಿತ್ತು. ಲೋಕಲ್ ಕೇಬಲ್ ಚಾನೆಲ್‌ಗಳಲ್ಲಿ ನಾಟಕ, ಯಕ್ಷಗಾನ ಹಾಕಿದರು. ಮುಂಬೈಯಲ್ಲಿ ಇರುವವರು, ದುಬೈಯಲ್ಲಿ ಇರುವವರು ಅದೇ ಡಿಸ್ಕ್ ಒಯ್ದರು. ಹಾಸ್ಯ ಕಲಾವಿದರ ಮುಖ, ಸ್ವರ, ಮಾತಿನ ಧಾಟಿ ಮನೆಮನೆಗೆ ಗೊತ್ತಾಯಿತು.

2011ರಲ್ಲಿ 'ಒರಿಯರ್ದೊರಿ ಅಸಲ್' ಬಂತು. ಅದೂ ನಾಟಕದಿಂದಲೇ ಹುಟ್ಟಿದ ಸಿನಿಮಾ. ನೂರು ದಿನ ದಾಟಿತು. 2014ರ 'ಚಾಲಿಪೋಲಿಲು' ಮಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲೇ 500 ದಿನ ದಾಟಿತು. ಆ ಪ್ರೇಕ್ಷಕರು ಎಲ್ಲಿಂದ ಬಂದರು? ಮನೆಯಲ್ಲಿ ವಿಸಿಡಿ ನೋಡಿ ತಯಾರಾದವರು ಅವರು. ಮನೆಯ ಪರದೆ ಮತ್ತು ಟಾಕೀಸ್ ಯಾವಾಗಲೂ ಶತ್ರುಗಳು ಅನ್ನುವುದನ್ನು ನಮ್ಮ ಕರಾವಳಿಯ ಚರಿತ್ರೆ ಒಪ್ಪುವುದಿಲ್ಲ.


ರೀಲ್ ಪೆಟ್ಟಿಗೆ

ಮೇಷ್ಟ್ರೇ, ಅರ್ಧ ಒಪ್ಪಿದೆ. ವಿಸಿಡಿ ನೋಡಿ ಜನ ತಯಾರಾದರು, ಸರಿ. ಆದರೆ ಆ ಜನ ನೂರು ದಿನ ಬರಬೇಕಾದರೆ ನೂರು ದಿನ ಸಿನಿಮಾ ಇಡುವ ಟಾಕೀಸ್ ಬೇಕಲ್ವಾ? ತುಳು ಸಿನಿಮಾ ಅಂದರೆ ಜ್ಯೋತಿ ಅನ್ನುವ ಕಾಲ ಇತ್ತು. ಮೊದಲ ವಾರ ಕುರ್ಚಿ ಖಾಲಿ ಇದ್ದರೂ ಮಾಲೀಕರು ತೆಗೆಯುತ್ತಿರಲಿಲ್ಲ. ಮದುವೆಗೆ ಪೇಟೆಗೆ ಬಂದವರು, ಆಸ್ಪತ್ರೆಗೆ ಬಂದವರು, ಬಟ್ಟೆ ತೆಗೆಯಲಿಕ್ಕೆ ಬಂದವರು ಅದನ್ನು ನೋಡಿ ಊರಿಗೆ ಹೋಗಿ ಹೇಳಬೇಕು. ಆಮೇಲೆ ಹಳ್ಳಿಯಿಂದ ಜೀಪ್ ಹೊರಡಬೇಕು. ಅದಕ್ಕೆ ಎರಡು ವಾರ, ಮೂರು ವಾರ ಹಿಡಿಯುತ್ತದೆ. ಈಗ ಜ್ಯೋತಿ ಟಾಕೀಸ್ ಇಲ್ಲ. ಮಲ್ಟಿಪ್ಲೆಕ್ಸ್‌ನಲ್ಲಿ ಸೋಮವಾರದ ಲೆಕ್ಕ ನೋಡಿ ಶುಕ್ರವಾರಕ್ಕೆ ಶೋ ಕಡಿಮೆ ಮಾಡುತ್ತಾರೆ. ಎಲ್ಲ ತುಳು ಸಿನಿಮಾಕ್ಕೂ 500 ದಿನದ ಅದೃಷ್ಟ ಇಲ್ಲ.


ಕಾರ್ಕಳ ಆನೆಕೆರೆ

ಇದು ಸರಿಯಾದ ಮಾತು. ಬಾಯಿಮಾತಿಗೆ ಸಮಯ ಬೇಕು. ಒಪ್ಪಿದೆ.


ಮಣಿಪಾಲ ಎಂಡ್ ಪಾಯಿಂಟ್

ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವನು ಅನಿಸುತ್ತದೆ. ನನಗೆ ಟಾಕೀಸ್‌ನ ನೆನಪು ಕಡಿಮೆ. ವಿಸಿಡಿ ಅಂಗಡಿ ಮುಚ್ಚುವುದನ್ನು ನೋಡಿದ್ದೇನೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದಾಗ ನಾನು ಹೈಸ್ಕೂಲ್. ಆಮೇಲೆ ಸಿನಿಮಾ ಅಂದರೆ ಫೋನ್. 2020ರ ಮಾರ್ಚ್‌ನಲ್ಲಿ ಥಿಯೇಟರ್ ಮುಚ್ಚಿದವು, ಜುಲೈಯಲ್ಲಿ ಕನ್ನಡ ಸಿನಿಮಾಗಳೇ ನೇರ ಓಟಿಟಿಗೆ ಬಂದವು. ಒಂದು ತಿಂಗಳು ಕಾದರೆ ಮನೆಗೇ ಬರುತ್ತದೆ ಅನ್ನುವುದು ನಮ್ಮ ತಲೆಯಲ್ಲಿ ಕೂತದ್ದು ಆಗ.

ದುಡ್ಡಿನ ವಿಷಯವೂ ಉಂಟು. ವೀಕೆಂಡ್‌ನಲ್ಲಿ ನಾಲ್ಕು ಜನ ಮಲ್ಟಿಪ್ಲೆಕ್ಸ್‌ಗೆ ಹೋದರೆ ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿ ಓಟಿಟಿಯ ಒಂದು ವರ್ಷದ ಚಂದಾದ ಹತ್ತಿರ ಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ, ತೆರಿಗೆ ಸೇರಿಸದೆ, 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಜಿಎಸ್‌ಟಿ ಮಾತ್ರ ಇಳಿಯಿತು, ಅದೂ 100 ರೂಪಾಯಿವರೆಗಿನ ಟಿಕೆಟ್‌ಗೆ. 12ರಿಂದ ಶೇಕಡಾ 5ಕ್ಕೆ. ಅದರ ಮೇಲಿನದ್ದಕ್ಕೆ 18 ಹಾಗೆಯೇ. ಅಂದರೆ ಲಾಭ ಆಗುವುದು ಉಳಿದಿರುವ ಹಳೇ ಟಾಕೀಸ್‌ಗೆ ಹೋಗುವವರಿಗೆ.

ಆದರೂ ನಾವು ಹೋಗುವುದಿಲ್ಲ ಅನ್ನಬೇಡಿ. 2022ರಲ್ಲಿ 'ಕಾಂತಾರ' ಬಂದಾಗ ನಮ್ಮ ಮನೆಯವರೆಲ್ಲ ಒಟ್ಟಿಗೆ ಹೋದೆವು. ಅಜ್ಜ ಎಷ್ಟೋ ವರ್ಷದ ಮೇಲೆ ಥಿಯೇಟರ್‌ಗೆ ಬಂದದ್ದು. 2025ರ ಜುಲೈಯಲ್ಲಿ 'ಸು ಫ್ರಮ್ ಸೋ' ಬಂದಾಗ ಹಾಸ್ಟೆಲ್‌ನ ಉತ್ತರ ಕರ್ನಾಟಕದ ಹುಡುಗರನ್ನು ನಾನೇ ಎಳೆದುಕೊಂಡು ಹೋದೆ. ನಮ್ಮ ಊರಿನ ಮಾತಿಗೆ ಅವರು ನಗುವುದನ್ನು ಕೇಳಬೇಕಿತ್ತು ನನಗೆ. ಅದು ಇಯರ್‌ಫೋನ್‌ನಲ್ಲಿ ಸಿಗುವುದಿಲ್ಲ.


ದುಬೈ ಕುಡ್ಲ

'ಕಾಂತಾರ'ದ ಮಾತು ಬಂತಲ್ವಾ, ಒಂದು ವಿಷಯ ಹೇಳುತ್ತೇನೆ. ಕನ್ನಡದ್ದು 2022ರ ನವೆಂಬರ್ 24ಕ್ಕೆ ಓಟಿಟಿಗೆ ಬಂತು. ಅದರ ತುಳು ಅವತರಣಿಕೆ ಊರಿನ ಥಿಯೇಟರ್‌ಗೆ ಬಂದದ್ದು ಡಿಸೆಂಬರ್ 2ಕ್ಕೆ. ಕನ್ನಡದವರು ಮನೆಯಲ್ಲಿ ಕೂತು ನೋಡುವಾಗ ತುಳುವಿನಲ್ಲಿ ನೋಡಬೇಕಾದವರು ಥಿಯೇಟರ್‌ಗೇ ಹೋಗಬೇಕಿತ್ತು. ಲೈಟ್‌ಹೌಸ್ ಅಕ್ಕನ ಅಮ್ಮನ ಕಷ್ಟ ಇದೇ. ದೊಡ್ಡ ಓಟಿಟಿಗಳ ಭಾಷೆಯ ಪಟ್ಟಿಯಲ್ಲಿ ತುಳು ಹುಡುಕಿದರೆ ಸಿಗುವುದೇ ಅಪರೂಪ. ಕೆಲವು ಸಿನಿಮಾ ಸಣ್ಣ ಆ್ಯಪ್‌ಗಳಿಗೆ, ಯೂಟ್ಯೂಬ್‌ಗೆ ತಡವಾಗಿ ಬರುತ್ತವೆ.

ಇಲ್ಲಿ ಗಲ್ಫಿನಲ್ಲಿ ನಾವು ಏನು ಮಾಡುತ್ತೇವೆ ಅಂದರೆ, ಊರಿನವರ ಸಂಘ ಸೇರಿ ನಿರ್ಮಾಪಕರ ಹತ್ತಿರ ಮಾತಾಡಿ ಒಂದು ಹಾಲ್‌ನ ಇಡೀ ಶೋ ಹಿಡಿಯುತ್ತೇವೆ. ವಾರದ ರಜೆಯ ದಿನ ನೋಡಿಕೊಂಡು. ವಾಟ್ಸಾಪ್‌ನಲ್ಲಿ ಹೆಸರು ಬರೆಸಿದರೆ ಮುಗಿಯಿತು. ಮರಳುಗಾಡಿನಲ್ಲಿ ಇದು ಆಗುತ್ತದೆ ಅಂದರೆ ಕಾಪುವಿನಲ್ಲಿ ಯಾಕೆ ಆಗಬಾರದು?


ಕಾಪು ಲೈಟ್‌ಹೌಸ್

ಎಲ್ಲರದ್ದೂ ಓದಿದೆ. ಮೇಷ್ಟ್ರ ವಿಸಿಡಿ ಮಾತನ್ನು ಅಮ್ಮನಿಗೆ ಹೇಳಿದೆ. ಅವರ ಕಪಾಟಿನಲ್ಲಿ ಈಗಲೂ ನಾಟಕದ ಡಿಸ್ಕ್‌ಗಳು ಉಂಟು, ಹಾಕಲಿಕ್ಕೆ ಪ್ಲೇಯರ್ ಇಲ್ಲ.

ದುಬೈ ಅಣ್ಣ, ನನಗೆ ಅನಿಸಿದ್ದು ಇದು. ನಮ್ಮ ಊರಿನ ಭಜನಾ ಮಂದಿರದ ಹಾಲ್ ದೊಡ್ಡದುಂಟು. ಅಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸಿದರೆ ಆಗುವುದಿಲ್ವಾ? ನನ್ನ ಓಟಿಟಿ ಖಾತೆಯಿಂದ ಕನ್ನಡದ್ದಾದರೂ ತೋರಿಸಬಹುದಲ್ವಾ?


ಪಾಂಡೇಶ್ವರ ವಕೀಲ

ಹಾಗೆ ಮಾಡಬೇಡಿ ಅಕ್ಕ. ಓಟಿಟಿ ಚಂದಾ ಕೊಡುವುದು ಮನೆಯಲ್ಲಿ ನೋಡಲಿಕ್ಕೆ ಮಾತ್ರ. ಹಾಲ್‌ನಲ್ಲಿ ಊರಿನವರಿಗೆ ತೋರಿಸಿದರೆ ಅದು ಸಾರ್ವಜನಿಕ ಪ್ರದರ್ಶನ. ಟಿಕೆಟ್ ಇಲ್ಲದಿದ್ದರೂ ಹಕ್ಕುದಾರರ ಒಪ್ಪಿಗೆ ಬೇಕು. ಅದಲ್ಲದೆ ಕರ್ನಾಟಕ ಸಿನಿಮಾ (ನಿಯಂತ್ರಣ) ಕಾಯ್ದೆ 1964ರ ಪ್ರಕಾರ ಸಿನಿಮಾ ತೋರಿಸುವ ಜಾಗಕ್ಕೆ ಲೈಸೆನ್ಸ್ ಬೇಕು. ಬೆಂಕಿ, ವೈರಿಂಗ್, ಹೊರಗೆ ಹೋಗುವ ದಾರಿ, ಇದನ್ನೆಲ್ಲ ನೋಡಿ ಕೊಡುವಂಥದ್ದು ಅದು. ವಯಸ್ಸಾದವರನ್ನು ಕೂರಿಸುವಾಗ ಅದು ಸುಮ್ನೆ ಕಾಗದದ ಕೆಲಸ ಅಂತ ತಿಳಿಯಬಾರದು.

ಸುಲಭದ ದಾರಿ ಇಡೀ ಶೋ ಹಿಡಿಯುವುದೇ. ಲೈಸೆನ್ಸ್ ಇರುವ ಥಿಯೇಟರ್, ಹಕ್ಕಿನ ತಲೆನೋವು ಅವರದ್ದು.


ಮಲ್ಪೆ ಬಂದರು

ನಮ್ಮ ಕಡೆಯ ಯುವಕ ಮಂಡಲದವರು ತುಳು ಸಿನಿಮಾಕ್ಕೆ ಹಾಗೆ ಶೋ ಹಿಡಿದದ್ದುಂಟು. ಕಲಾವಿದರೂ ಬಂದು ಮಾತಾಡಿಸಿ ಹೋಗುತ್ತಾರೆ. ಆದರೆ ಅದು ರಾತ್ರಿ ಶೋ, ಗಂಡಸರೇ ಜಾಸ್ತಿ. ಹಿರಿಯ ಹೆಂಗಸರಿಗೆ ಆಗುವ ಹೊತ್ತು ಅಲ್ಲ.


ರೀಲ್ ಪೆಟ್ಟಿಗೆ

ಹೊತ್ತಿನ ಮಾತು ಬಂದದ್ದು ಒಳ್ಳೆಯದಾಯಿತು. ವಾರದ ಮಧ್ಯದ ಮ್ಯಾಟಿನಿ ಕೇಳಿ. ಮಂಗಳವಾರವೋ ಬುಧವಾರವೋ. ಆ ಹೊತ್ತಿಗೆ ಥಿಯೇಟರ್‌ಗಳಲ್ಲಿ ಕುರ್ಚಿ ಖಾಲಿ ಬಿದ್ದಿರುತ್ತದೆ. ಅರವತ್ತು, ಎಪ್ಪತ್ತು ಜನ ಒಟ್ಟಿಗೆ ಬರುತ್ತಾರೆ ಅಂದರೆ ಮ್ಯಾನೇಜರ್ ದರದ ಬಗ್ಗೆ ಮಾತಾಡಲಿಕ್ಕೆ ತಯಾರಿರುತ್ತಾರೆ. ಆದರೆ ಸಿನಿಮಾ ಬಿಡುಗಡೆಯಾದ ಮೊದಲ ವಾರದಲ್ಲೇ ಮಾತಾಡಿ ಇಡಿ. ಎರಡನೇ ವಾರಕ್ಕೆ ಶೋ ಉಳಿಯಬೇಕಾದರೆ ಅವರಿಗೂ ಮುಂಗಡ ಬುಕಿಂಗ್‌ನ ಲೆಕ್ಕ ಕಾಣಬೇಕು. ಸಿನಿಮಾದವರಿಗೂ ಇದರಿಂದ ಉಪಕಾರ.

ಮೂರು ವಿಷಯ ಮೊದಲೇ ಕೇಳಿ. ಕೆಳಗಿನ ಸೀಟಿಗೆ ಎಷ್ಟು ಮೆಟ್ಟಿಲು, ಶೌಚಾಲಯ ಎಷ್ಟು ದೂರ, ಸೌಂಡ್ ಸ್ವಲ್ಪ ತಗ್ಗಿಸಬಹುದಾ. ಈಗಿನ ಸೌಂಡ್ ವಯಸ್ಸಾದವರಿಗೆ ಕಿವಿಗೆ ಹೊಡೆದ ಹಾಗಾಗುತ್ತದೆ. ಆಪರೇಟರ್‌ಗೆ ಅದು ಒಂದು ಗುಂಡಿ ತಿರುಗಿಸುವ ಕೆಲಸ, ಹೇಳಿದರೆ ಮಾಡುತ್ತಾರೆ. ಇಂಟರ್ವಲ್ ಐದು ನಿಮಿಷ ಜಾಸ್ತಿ ಬಿಡಲಿಕ್ಕೂ ಹೇಳಿ.


ಬಿಜೈ ಕಾಪಿಕಾಡ್

ಬಸ್ಸಿನದ್ದೂ ನೋಡಬೇಕು. ಕಾಪುವಿನಿಂದ ಉಡುಪಿಗೆ ಹೈವೇಯಲ್ಲಿ ಬಸ್ಸಿಗೇನೂ ಕೊರತೆ ಇಲ್ಲ. ಆದರೆ ಹೈವೇ ದಾಟುವುದೇ ಹಿರಿಯರಿಗೆ ಕಷ್ಟ. ಒಂದು ಖಾಸಗಿ ಬಸ್ಸನ್ನು ಅರ್ಧ ದಿನಕ್ಕೆ ಮಾತಾಡಿದರೆ ಎಲ್ಲರಿಗೂ ಹಂಚಿಹೋಗುತ್ತದೆ.


ಕಾಪು ಲೈಟ್‌ಹೌಸ್

ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಓದಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, ನಾನು ಜೊತೆಗೆ ಬರಬೇಕಾಗುತ್ತದಾ ಅಂತ. "ನೀನು ರಜೆ ಹಾಕುವುದು ಬೇಡ, ನಾವು ಹೋಗಿ ಬರುತ್ತೇವೆ" ಅಂದರು. ಹಿಂದೆ ಒಟ್ಟಿಗೆ ಬೀಡಿ ಕಟ್ಟುತ್ತಿದ್ದವರಲ್ಲಿ ಯಾರ್ಯಾರು ನಡೆಯಬಲ್ಲರು, ಯಾರಿಗೆ ಮೊಣಕಾಲು ನೋವು ಅನ್ನುವ ಲೆಕ್ಕ ಆಗಲೇ ಶುರು ಮಾಡಿದ್ದಾರೆ. ಬಸ್ಸಿನ ಮಾತನ್ನೂ ಅವರೇ ಆಡುತ್ತಾರಂತೆ, ಡ್ರೈವರ್ ಪರಿಚಯದವನಂತೆ.

ಥಿಯೇಟರ್‌ನವರ ಹತ್ತಿರ ಮಾತಾಡುವ ಕೆಲಸ ಮಾತ್ರ ನನ್ನದು. ರೀಲ್ ಪೆಟ್ಟಿಗೆ ಅಣ್ಣ, ಆ ದಿನ ನೀವೂ ಜೊತೆಗೆ ಬಂದರೆ ಉಪಕಾರ ಆಗುತ್ತಿತ್ತು. ಸೌಂಡಿನ ವಿಷಯ ನಿಮಗೆ ಗೊತ್ತಾದ ಹಾಗೆ ನನಗೆ ಹೇಳಲಿಕ್ಕೆ ಬರುವುದಿಲ್ಲ.


ರೀಲ್ ಪೆಟ್ಟಿಗೆ

ಬರುತ್ತೇನೆ ಅಕ್ಕ. ಸೋಮವಾರ ಬೇಡ, ಆ ದಿನ ಮ್ಯಾನೇಜರ್‌ಗೆ ಲೆಕ್ಕ ಕೊಡುವ ಗಡಿಬಿಡಿ ಇರುತ್ತದೆ. ಬುಧವಾರ ಬೆಳಿಗ್ಗೆ ಮೊದಲ ಶೋ ಮುಂಚೆ ಹೋಗುವ.